ರುವಿಯಲ್ಲಿ ಎರಡು ಪಿಸ್ತೂಲು, ಒಂದು ಜೇಬು

ಮಧ್ಯಾಹ್ನ ಎರಡೂವರೆ. ರುವಿಯ ಬೀದಿಗೆಲ್ಲ ಬಿಸಿಲಿನ ಶಟರು.
ಚಿಲಕ ಹಾಕು ಮಾಸ್ತರ್, ಅಂದ ಶಾಹ್‌ದಾದ್,
ಕತ್ತರಿಸುವ ಮೇಜಿನ ಮೇಲೆ ಟವೆಲು ಬಿಚ್ಚಿದ.
ಎರಡು.
ಎರಡೂ ಕಪ್ಪು, ಎರಡೂ ಖಾಲಿ.
ಖಾಲಿ ಎಂದು ಎಳೆದು ತೋರಿಸಿದ, ಮತ್ತೆ ಎಳೆದು
ತನ್ನ ಕಿರುಬೆರಳು ತೂರಿಸಿ, ನನ್ನದನ್ನೂ ತೂರಿಸಲು ಹೇಳಿದ.

ಇಪ್ಪತ್ತಾರು ವರ್ಷ ಈ ಮೇಜಿನ ಮೇಲೆ
ಮದುವೆಯ ಬಟ್ಟೆ ಬಿದ್ದಿದೆ, ಕಫನಿನ ಬಟ್ಟೆ ಬಿದ್ದಿದೆ.
ಬೋರ್ಡಿನ ಅರಬ್ಬಿಯಲ್ಲಿ ನಾನು ದುಂಬಾಯಾ,
ಮೂಲ್ಕಿಯ ಕಡೆಯವರು ಬಂದರೆ ಮಾತ್ರ ಡೊಂಬಯ್ಯ.
ಪಿಸ್ತೂಲು ಮುಟ್ಟಿದ್ದು ಇದೇ ಮೊದಲು.
ಕಬ್ಬಿಣದ ತಣ್ಣಗಿಗೆ ಕೈ ಸಿದ್ಧವಾಗಿತ್ತು;
ಹಿಡಿ ಪ್ಲಾಸ್ಟಿಕ್ಕು,
ನನ್ನ ಬುತ್ತಿಡಬ್ಬದ ಮುಚ್ಚಳದ ಹಾಗೆ.
'ಪಾಲಿಮರ್' ಎಂದು ತಿದ್ದಿದ,
ಮಗಳ ಹೆಸರನ್ನು ಯಾರೋ ತಪ್ಪು ಹೇಳಿದಂತೆ.

ಅವನ ಕೆಲಸ ಒಬ್ಬರ ಹಿಂದೆ ಎರಡು ಹೆಜ್ಜೆ ನಡೆಯುವುದು.
ಯಾರ ಹಿಂದೆ, ನಾನು ಕೇಳಲಿಲ್ಲ.
ದರ್ಜಿ ಎದೆಯ ಸುತ್ತಳತೆ ಕೇಳುತ್ತಾನೆ, ಅದರೊಳಗಿನದನ್ನಲ್ಲ.
ಇಲಾಖೆ ಎರಡು ಕೊಟ್ಟಿದೆ. ಗುರುವಾರದೊಳಗೆ ಒಂದಕ್ಕೆ ಸಹಿ.

ದೊಡ್ಡದು ಗ್ಲಾಕ್ ಹತ್ತೊಂಬತ್ತು. ಒಳಗೆ ಹದಿನೈದು.
'ಎಲ್ಲ ಬೆರಳಿಗೂ ಜಾಗ. ಮರಳಲ್ಲಿ ಬಿದ್ದರೂ ಮುನಿಸಿಲ್ಲ.
ಹಳೇ ಟೊಯೊಟಾ ಅಂದುಕೋ.'
ಸಣ್ಣದು ಸಿಗ್. ಹತ್ತು. ಬರೀ ಒಂದಿಂಚು ದಪ್ಪ.
'ಇದು ಇದೆ ಎಂಬುದೇ ಮರೆಯುತ್ತದೆ.
ಹಾರಿಸಿದರೆ ಮಾತ್ರ ಕೈಯಲ್ಲಿ ಕುಣಿಯುತ್ತದೆ,
ಕಿರುಬೆರಳು ಗಾಳಿಯಲ್ಲಿ.'
ಒಂದು ಕೈಗೆ ಒಪ್ಪುತ್ತದೆ, ಒಂದು ಬಟ್ಟೆಗೆ.
ಕೈ ಅವನದು. ಬಟ್ಟೆ ನನ್ನದು.

ಬಿಳಿ ದಿಶ್‌ದಾಶಾ ಕ್ಷಮಿಸುವ ಬಟ್ಟೆಯಲ್ಲ.
ಒಳಗೆ ಕೀಲಿಗೊಂಚಲಿದ್ದರೂ ಊರಿಗೆಲ್ಲ ಹೇಳುತ್ತದೆ.
ದಪ್ಪನೆಯ ಜಪಾನು ಥಾನು ತೆಗೆದೆ,
ಬಲಪಕ್ಕದ ಹೊಲಿಗೆ ಬಿಟ್ಟು
ತಳವಿಲ್ಲದ ಜೇಬು ಟಾಕು ಹಾಕಿದೆ: ಕೈ ಇಳಿದರೆ ನೇರ ಬೆಲ್ಟಿಗೆ.
ಕನ್ನಡಿಯ ಮುಂದೆ ನಿಂತ. ಎರಡೂ ಕಾಣಲಿಲ್ಲ.
ಬಾಗಿಲವರೆಗೆ ನಡೆದು ಬಂದ. ಕಾಣಲಿಲ್ಲ.
ಗೆದ್ದವನಂತೆ ದೊಡ್ಡದನ್ನು ಸಿಕ್ಕಿಸಿಕೊಂಡ.

ಈಗ ಬಗ್ಗು, ಅಂದೆ. ನಮಾಜಿನಲ್ಲಿ ಬಗ್ಗುವಂತೆ.

ಬಗ್ಗಿದ.
ಬೆನ್ನ ಮೇಲೆ ಬಟ್ಟೆ ಬಿಗಿದು, ಸೊಂಟದ ಹತ್ತಿರ
ಹಿಡಿಯ ಮೂಲೆ ಎದ್ದು ನಿಂತಿತು
ಬಡಕಲು ದನದ ಚಪ್ಪೆಯೆಲುಬಿನಂತೆ.
ಅಲ್ಲಿಗೆ ಬೆರಳು ತಾಗಿಸಿದೆ.
ಅವನು ಏಳಲಿಲ್ಲ. ಕಾಲ್ಬೆರಳು ನೋಡುತ್ತ ಹಾಗೇ ಇದ್ದ.
'ನಾಲ್ಕು ವರ್ಷ ಇದಕ್ಕಿಂತ ದಪ್ಪದ್ದಿತ್ತು, ಮಾಸ್ತರ್.
ಪ್ರತಿ ಶುಕ್ರವಾರ.
ಹಿಂದಿನ ಸಾಲಿನವರು ಒಬ್ಬರೂ ಹೇಳಲಿಲ್ಲ.'

ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಮಾತೊಂದಿದೆ ನಮ್ಮಲ್ಲಿ.
ಹಿಂದಿಯಲ್ಲಿ ಹೇಳಹೊರಟು,
ಮಡಿಲಿಗೆ ಶಬ್ದ ಸಿಗದೆ ಬಿಟ್ಟೆ.
ಬದಲು ಇದನ್ನು ಹೇಳಿದೆ:
ಮೊದಲ ಸಲ ಬರುವಾಗ ಒಳಚಡ್ಡಿಯ ಜೇಬಲ್ಲಿ
ಅಕ್ಕನ ಬಳೆ ಅಡವಿಟ್ಟ ದುಡ್ಡು.
ಮುಂಬಯಿಯಲ್ಲಿ ಕಳೆದುಕೊಂಡೆ.
ಜೇಬು ಕಾಣುತ್ತಿರಲಿಲ್ಲ. ಅದನ್ನು ಮುಟ್ಟಿ ಮುಟ್ಟಿ ನೋಡುವ
ನನ್ನ ಕೈ ಕಾಣುತ್ತಿತ್ತು.

ನಗಲಿಲ್ಲ. ಸೊಂಟದಿಂದ ಕೈ ತೆಗೆದ.
ಅಳೆದೂ ಸುರಿದೂ ಕೊನೆಗೆ ಸಣ್ಣದು.
ಕಂದು ಕಾಗದದ ಮೇಲೆ ಅದನ್ನು ಮಲಗಿಸಿ
ಸುತ್ತ ಸೀಮೆಸುಣ್ಣ ಎಳೆದೆ,
ಹೊಲಿಗೆಗೆ ಅರ್ಧಂಗುಲ ಬಿಟ್ಟು ಕತ್ತರಿಸಿದೆ.
ಹೆಸರು ಬರೆಯಬೇಡ ಅಂದ. ಬರೆಯಲಿಲ್ಲ.
ಟವೆಲು ಸುತ್ತಿಕೊಂಡು ಬಿಸಿಲಿಗೆ ಹೋದ.

ಸಂಜೆ ಜೊಶಿಮ್ ಬಂದು ದೀಪ ಹಾಕಿದ.
ಮೊಳೆಯಲ್ಲಿ ತೂಗುವ ತೋಳು, ಕಾಲರು, ಬಗಲುಪಟ್ಟಿಗಳ ನಡುವೆ
ಹೊಸ ಕಾಗದ ಕಂಡು ಕೈಗೆತ್ತಿಕೊಂಡ,
ತಿರುಗಿಸಿದ, ಹಿಮ್ಮಡಿ ಹುಡುಕಿದ, ಸಿಕ್ಕಿತು.
ಯಾವ ಕೂಸಿನ ಕಾಲುಚೀಲ, ಉಸ್ತಾದ್?
ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ದಾರ ಹೋಗುತ್ತಿರಲಿಲ್ಲ.
ಅವನು ಆಗಲೇ ಮೇಜಿನಡಿ ಬಗ್ಗಿದ್ದ,
ಕಸದ ಚೂರುಗಳಲ್ಲಿ
ಇನ್ನೊಂದು ಕಾಲಿನದು ಹುಡುಕುತ್ತ.